ಸಾಕಾಗದ ಹಸಿರು

ಮಿಕ್ಸಿಗೆ ಕುಲಾವಿ ಹೆಣೆದಾಯಿತು,
ಫ್ರಿಜ್ಜಿನ ಹಿಡಿಗೆ ಕೈಗವಸು, ರಿಮೋಟಿಗೆ ಲಂಗೋಟಿ,
ಬಾಗಿಲಿಗೆ ಗಿಣಿಹಸಿರು ತೋರಣ.
ಮತ್ತೀಕೆರೆಯ ಈ ಎರಡು ಕೋಣೆಯಲ್ಲಿ
ಚಳಿಯಾಗುವಂಥದ್ದು ಇನ್ನೇನೂ ಉಳಿದಿಲ್ಲ ಬಿಡು
ಎಂದು ಓರಗಿತ್ತಿ ಪಂಕಜಾಕ್ಷಿ ನಗುತ್ತಾಳೆ.

ಉಳಿದದ್ದು ಒಂದು ಉಂಡೆ ನೂಲು.
ನಿಂಬೆಗಿಂತ ದಪ್ಪ, ಕಿತ್ತಳೆಗಿಂತ ಸಣ್ಣ.
ಎಸೆಯಲು ಮನಸ್ಸಿಲ್ಲ, ಟೋಪಿಗೆ ಸಾಲದು.
ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ಮೂರು ವರ್ಷದಿಂದ
ಮುದುಡಿ ಕೂತಿತ್ತು,
ಕೊನೆಯ ಪಂಕ್ತಿಗೆ ಎಲೆ ಹಾಕುವುದನ್ನೇ
ಕಾಯುತ್ತಿರುವವರ ಹಾಗೆ.

ಮಾದೇಶ ನೀರಿನ ಕ್ಯಾನು ತರುವ ಹುಡುಗ.
ಮೂರು ಮಹಡಿ. ಲಿಫ್ಟಿಲ್ಲ.
ಇಳಿಸಲು ಬಗ್ಗಿದರೆ ಕೂದಲೆಲ್ಲ ಮುಖಕ್ಕೆ.
ಎರಡು ಕೈಯೂ ಕ್ಯಾನಿನ ಮೇಲೆ,
ತುಟಿ ಸೊಟ್ಟ ಮಾಡಿ
ಉಫ್ ಎಂದು ತಾನೇ ಊದಿಕೊಳ್ಳುತ್ತಾನೆ.
ಕಟ್ಟಿದ್ದು ಕೊತ್ತಂಬರಿ ಸೊಪ್ಪಿನ ರಬ್ಬರು.
ಬಿಚ್ಚಿದಾಗಲೆಲ್ಲ ನಾಲ್ಕು ಕೂದಲು ಕಿತ್ತೇ ಬರುತ್ತವೆ.

'ಕತ್ತರಿಸಬಾರದೇನೋ?'

'ಮಾದಪ್ಪಂಗ ಮುಡಿ ಬುಟ್ಟಿವ್ನಿ ಕನಮ್ಮ.
ಅಕ್ಕನ ಕಾಲು ನೆಟ್ಟಗಾಗ್ಲಿ ಅಂತ.'

ಇನ್ನೆಷ್ಟು ದಿನ ಎಂದು ನಾನು ಕೇಳಲಿಲ್ಲ.
ಖಾಲಿ ಕ್ಯಾನು ಬಡಿಯುತ್ತ ಬಡಿಯುತ್ತ
ಮೆಟ್ಟಿಲಿಳಿದು ಹೋದ.

ಇಪ್ಪತ್ತಾರು ವರ್ಷ ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ
ಚಿಮಟದ ತುದಿಯಿಂದ
ಸುರುಳಿ ಸ್ಪ್ರಿಂಗು ಎತ್ತಿ ಕೂರಿಸಿದ ಕೈ ಇದು.
ಹೇರ್‌ಸ್ಪ್ರಿಂಗ್ ಅನ್ನುತ್ತಿದ್ದೆವು. ಕೂದಲಿಗಿಂತ ತೆಳು.
ಉಸಿರು ತಾಗಿದರೆ ಹಾರಿಹೋಗುತ್ತಿತ್ತು.
ನಮ್ಮ ಸಾಲಿನ ಹೆಂಗಸರಿಗೆಲ್ಲ
ಉಸಿರು ಹಿಡಿಯುವುದು ಆಗ ಬಂದ ಅಭ್ಯಾಸ,
ಕೆಲವರಿಗೆ ಬಿಡುವುದು ಮರೆತೇ ಹೋಯಿತು.

ಹತ್ತು ರೂಪಾಯಿಯ ಪ್ಯಾಕೆಟ್ಟಿನಿಂದ ಒಂದು ಕಪ್ಪು ಎಲಾಸ್ಟಿಕ್ ಉಂಗುರ,
ಅದರ ಸುತ್ತ ಕ್ರೋಶಾ ಕಡ್ಡಿ.
ಒಳಗೆ ಚುಚ್ಚು, ದಾರ ಹಿಡಿ, ಹೊರಗೆ ಎಳೆ.
ಎಳೆ ಅಂದರೆ ದಾರ,
ಎಳೆ ಅಂದರೆ ಜಗ್ಗು,
ಎಳೆ ಅಂದರೆ ಇನ್ನೂ ಬಲಿಯದ್ದು, ಅವನ ಗಡ್ಡದ ಹಾಗೆ.
ಯಾವುದನ್ನು ಹೆಣೆಯುತ್ತಿದ್ದೇನೆಂದು
ಕೈಗೆ ಗೊತ್ತಿತ್ತೋ ಏನೋ,
ನನಗಂತೂ ಕುಕ್ಕರಿನ ಕೂಗು ತಪ್ಪಿತು.
ಅನ್ನ ತಳ ಹಿಡಿಯಿತು.

ಮುಕ್ಕಾಲು ಸುತ್ತಿಗೆ ನೂಲು ಮುಗಿಯಿತು.
ಉಂಡೆ ಎಲ್ಲರಿಗೂ ಸುಳ್ಳು ಹೇಳುತ್ತದೆ,
ಒಳಗೆ ಬರೀ ಗಾಳಿ.
ಚಿಕ್ಕಪೇಟೆಗೆ ಬಸ್ಸು ಹತ್ತಿ ಹೋದೆ.
'ಆ ಬಣ್ಣ ಈಗ ಬರಲ್ಲ ಮೇಡಂ, ಇದು ತಗೊಳ್ಳಿ'
ಅಂದ ಅಂಗಡಿಯವನು ತೋರಿಸಿದ್ದು
ಔಷಧಿ ಅಂಗಡಿ ಬೋರ್ಡಿನ ಹಸಿರು.
ಬೇಡವೆಂದು ಬಂದೆ.

ಬಾಗಿಲಲ್ಲಿ ಹನ್ನೊಂದು ಎಲೆಯ ತೋರಣ.
ಸ್ಟೂಲು ಹತ್ತಿ ಬಲಗಡೆಯ ಕೊನೆಯದನ್ನು ಕಿತ್ತು
ಒಂದೊಂದೇ ಗಂಟು ಬಿಚ್ಚಿದೆ.
ಬಿಚ್ಚಿದ ನೂಲು ನೆಟ್ಟಗಾಗದು,
ಹಳೆಯ ಸುತ್ತುಗಳ ನೆನಪಿನಲ್ಲೇ ಗುಂಗುರು ಗುಂಗುರು.
ಅದೂ ಬಿಸಿಲಿಗೆ ಬೆಳ್ಳಗಾಗಿ
ಮೊದಲ ಹಸಿರಿಗೆ ಹೊಂದಲಿಲ್ಲ.
ಹೊಂದದಿದ್ದರೇನು, ಹೆಣೆದೆ.
ಕಾಲು ಭಾಗ ಮಾತ್ರ
ಯಾರೋ ಕಿಟಕಿ ತೆರೆದಿಟ್ಟ ಹಾಗಿತ್ತು.

'ಹೆಣ್ಮಕ್ಳದಲ್ವಾ ಇದು?' ಅಂದ.
'ಕೂದಲಿಗೆ ಗೊತ್ತಾಗಲ್ಲ ಕಟ್ಟಿಕೋ' ಅಂದೆ.
ಕಟ್ಟಿಕೊಂಡ. ಫೋನಿನ ಗಾಜಿನಲ್ಲಿ
ಅತ್ತ ಇತ್ತ ತಿರುಗಿ ನೋಡಿಕೊಂಡ.
ಹಣ ಇಸಿದುಕೊಳ್ಳುವುದನ್ನು ಮರೆತು ಹೋದ.

ಆಮೇಲೆ ಎರಡು ವಾರ ಬೇರೆ ಯಾರೋ ಬಂದರು,
ನೆಲಕ್ಕೆ ಕ್ಯಾನು ಕುಕ್ಕಿ ಹೋಗುವವರು.
ಪಂಕಜಾಕ್ಷಿ ಬಂದವಳು ಬಾಗಿಲು ನೋಡಿ
'ಒಂದು ಎಲೆ ಎಲ್ಲೇ?' ಅಂದಳು.
ಇಲಿ ಅಂದೆ.

ಇವತ್ತು ಮೆಟ್ಟಿಲಲ್ಲಿ ಗುರುತಿನ ಹೆಜ್ಜೆ.
ತಲೆ ನುಣ್ಣಗೆ, ಗಂಧ ಒಣಗಿದ ಬಿಳಿ,
ಕಿವಿ ಎರಡೂ ಹೊಸದಾಗಿ ಬಂದವರ ಹಾಗೆ.

'ಎಲ್ಲೋ ಅದು?'

'ಅಕ್ಕ ಕಿತ್ಕಂಡ್ಲು ಕನಮ್ಮ.
ಗ್ವಾಡ ಹಿಡ್ಕಂಡು ಬಂದು ಕಿತ್ಕಂಡ್ಲು.'

ಅಷ್ಟೇ ಹೇಳಿದ.
ಕ್ಯಾನು ಇಳಿಸಲು ಬಗ್ಗಿದ,
ಎರಡು ಕೈಯೂ ಅದರ ಮೇಲೆ,
ತುಟಿ ಸೊಟ್ಟ ಮಾಡಿ
ಇಲ್ಲದ ಕೂದಲಿಗೆ
ಉಫ್ ಎಂದು ಊದಿದ.